ಅವನಿಗೆ ಪದಕ ಕೊಡಿಸಬೇಡಿ: ಯಾರೂ ನೆನೆಯದ ಸೈನಿಕನ ಕಥೆ ಮಕ್ಕಳಿಗೆ ಬರೆಯುವ ಬಗೆ

ನಮ್ಮ ಬಸ್ಸು ದಿನಾ ಬೆಂಗಳೂರಿನ ಜೆ.ಸಿ. ನಗರದ ಮೈಸೂರು ಲ್ಯಾನ್ಸರ್ಸ್ ಸ್ಮಾರಕದ ಆಸುಪಾಸಲ್ಲೇ ಹೋಗುತ್ತದೆ. ಹನ್ನೊಂದು ವರ್ಷ ಆ ದಾರಿಯಲ್ಲಿ ಓಡಾಡಿದ್ದೇನೆ. ಅದು ಯಾರದ್ದು, ಯಾಕೆ ಅಲ್ಲಿದೆ ಅಂತ ಒಂದು ದಿನವೂ ಕೇಳಿರಲಿಲ್ಲ. ನಾನು ಕನ್ನಡ ಟೀಚರ್, ಮೇಲಾಗಿ ಮಕ್ಕಳ ಕಥೆ ಬರೆಯುವವಳು. ನಾಚಿಕೆ ಆಗಬೇಕಿತ್ತು, ಆಗಲಿಲ್ಲ. ಕೊನೆಗೆ ಏಳನೇ ಕ್ಲಾಸಿನ ಒಬ್ಬ ಹುಡುಗ "ಮಿಸ್, ಲ್ಯಾನ್ಸರ್ ಅಂದ್ರೆ ಏನು?" ಅಂತ ಕೇಳಿದ ಮೇಲೆ ಹುಡುಕಲು ಕೂತೆ.

ಲ್ಯಾನ್ಸರ್ ಅಂದರೆ ಭರ್ಜಿ ಹಿಡಿದ ಕುದುರೆ ಸವಾರ. ಮೊದಲನೇ ಮಹಾಯುದ್ಧದಲ್ಲಿ ಮೈಸೂರು ಸಂಸ್ಥಾನದ ಸವಾರರು ಈಜಿಪ್ಟಿಗೆ ಹೋದರು, ಸೂಯೆಜ್ ಕಾಲುವೆ ಕಾದರು, 1918ರ ಬೇಸಿಗೆಯಲ್ಲಿ ಜೋರ್ಡನ್ ಕಣಿವೆಯ ಧೂಳಲ್ಲಿ ಬೆಂದರು. 1918ರ ಸೆಪ್ಟೆಂಬರ್ 23ರಂದು ಜೋಧ್‌ಪುರದ ಸವಾರರ ಜೊತೆ ಸೇರಿ, ತುರ್ಕಿಯವರ ಕೈಯಲ್ಲಿದ್ದ ಹೈಫಾ ಊರನ್ನು (ಈಗ ಇಸ್ರೇಲಿನಲ್ಲಿದೆ) ಗೆದ್ದರು. ಎದುರಿಗೆ ಮೆಷಿನ್ ಗನ್, ಇವರ ಕೈಯಲ್ಲಿ ಭರ್ಜಿ, ಕತ್ತಿ. ಮಕ್ಕಳ ಕಾದಂಬರಿಗೆ ಇದಕ್ಕಿಂತ ಬೇಕಾ ಅಂತ ಒಂದೇ ತಿಂಗಳಲ್ಲಿ ಎಂಬತ್ತು ಪುಟ ಗೀಚಿದೆ.

ನನ್ನ ಕಥೆಯ ಹುಡುಗ ಸವಾರನಲ್ಲ. ಕುದುರೆ ಉಜ್ಜಿ, ನೀರು ಕುಡಿಸಿ, ಲದ್ದಿ ಬಾಚುವ ಕಾಸ್ತಾರ. ಹೆಸರು ನಿಂಗ, ವಯಸ್ಸು ಹದಿನೇಳು. ಸಾಹೇಬರು ಅವನನ್ನು ಬೈತಾರೆ, ಸವಾರರು ಜಾತಿ ನೋಡಿ ದೂರ ಇಡ್ತಾರೆ. ಕೊನೇ ಅಧ್ಯಾಯದಲ್ಲಿ ಗುಂಡಿನ ಮಳೆಯಲ್ಲಿ ಓಡಿ ಹೋಗಿ ಅದೇ ಸಾಹೇಬರ ಜೀವ ಉಳಿಸುತ್ತಾನೆ. ಸಾಹೇಬರು ಅವನ ಕೈ ಕುಲುಕುತ್ತಾರೆ. ಪದಕ. ಮುಗೀತು.

ಇದನ್ನು ಕ್ಲಾಸಿನಲ್ಲಿ ಓದಿದೆ. ಹುಡುಗರು ಚಪ್ಪಾಳೆ ಹೊಡೆದರು. ಕೊನೇ ಬೆಂಚಿನ ಒಬ್ಬ ಹುಡುಗಿ ಮಾತ್ರ ಕೈ ಎತ್ತಿದಳು.

"ಮಿಸ್, ನಿಂಗ ಅವರನ್ನ ಉಳಿಸದೇ ಇದ್ದಿದ್ರೆ, ಅವನನ್ನ ಹಾಗೆ ಬೈಯೋದು ಸರಿನಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. "ಕೂತ್ಕೋ ಪುಟ್ಟಾ, ನಾಳೆ ಮಾತಾಡೋಣ" ಅಂದೆ. ಮನೆಗೆ ಹೋಗಿ ಎಂಬತ್ತು ಪುಟವನ್ನೂ ಕಟ್ಟಿ ಅಟ್ಟಕ್ಕೆ ಹಾಕಿದೆ. ಆ ಪ್ರಶ್ನೆ ಹಿಡಿದುಕೊಂಡೇ ಮತ್ತೆ ಬರೆದೆ, ಮೂರು ವರ್ಷ ಹಿಡಿಯಿತು. ಇಂಥ ಕಥೆ ಬರೆಯಬೇಕು ಅಂತ ಕೂತಿರುವವರಿಗೆ ಆ ಮೂರು ವರ್ಷದಲ್ಲಿ ಕಲಿತದ್ದನ್ನು ಹೇಳುತ್ತೇನೆ.

ಮೊದಲು ಪದಕ ಕಿತ್ತುಹಾಕಿ

ಅವಮಾನ ಅನುಭವಿಸುವ ಸೈನಿಕ ಕೊನೆಗೆ ಶೂರತನ ತೋರಿಸಿ ಎಲ್ಲರ ಗೌರವ ಗಳಿಸುವ ಕಥೆ ಕೈಗೆ ತಾನಾಗೇ ಬರುತ್ತದೆ. ಬರೆಯೋಕೂ ಸುಲಭ, ಓದೋಕೂ ಖುಷಿ. ಆದರೆ ಅದನ್ನು ಓದಿದ ಮಗು ಏನು ಕಲಿಯುತ್ತದೆ? ಗೌರವ ಬೇಕಾದರೆ ದುಡಿದು ಗಳಿಸಬೇಕು, ಅದೂ ಬೈದವನ ಪ್ರಾಣ ಉಳಿಸಿ ಗಳಿಸಬೇಕು ಅಂತ. ಸಾಮಾನ್ಯ ಹುಡುಗ, ಹೆದರುಪುಕ್ಕಲ, ಗುರಿ ತಪ್ಪುವವನು, ಇವರ ಗತಿ? ಅವರನ್ನು ಬೇರೆ ತಟ್ಟೆಯಲ್ಲಿ ಉಣ್ಣಿಸಬಹುದಾ?

ನಿಮ್ಮ ಕಥೆಯ ಕೊನೇ ಅಧ್ಯಾಯವನ್ನು ಒಂದು ಸಲ ತೆಗೆದು ಬದಿಗಿಡಿ. ಉಳಿದ ಭಾಗದಲ್ಲಿ ಈ ಹುಡುಗನಿಗೆ ಆಗುತ್ತಿರುವುದು ಅನ್ಯಾಯ ಅಂತ ಓದುವ ಮಗುವಿಗೆ ಅನಿಸುತ್ತದಾ ನೋಡಿ. ಅನಿಸದಿದ್ದರೆ ಪದಕವೇ ಆ ಕೆಲಸ ಮಾಡುತ್ತಿದೆ ಅಂತ ಅರ್ಥ. ನನ್ನದರಲ್ಲಿ ಹಾಗೇ ಆಗಿತ್ತು.

ಈಗಿನ ನಿಂಗ ಯಾರ ಪ್ರಾಣವನ್ನೂ ಉಳಿಸುವುದಿಲ್ಲ. ಹೈಫಾ ಯುದ್ಧದ ದಿನ ಅವನು ಹಿಂದೆ, ಬದಲಿ ಕುದುರೆಗಳ ಜೊತೆ ನಿಂತಿರುತ್ತಾನೆ. ಹೆದರಿ ಒಂದು ಸಲ ವಾಂತಿಯನ್ನೂ ಮಾಡಿಕೊಳ್ಳುತ್ತಾನೆ. ಓದಿದ ಮಕ್ಕಳಿಗೆ ಈ ನಿಂಗನೇ ಜಾಸ್ತಿ ಇಷ್ಟ.

ಯಾರ ಕಥೆ ಹೇಳೋದು

ಮೊದಲನೇ ಮಹಾಯುದ್ಧಕ್ಕೆ ಭಾರತದಿಂದ ಹೋದವರು 13 ಲಕ್ಷದ ಹತ್ತಿರ. ಸತ್ತವರು 74,000ಕ್ಕೂ ಹೆಚ್ಚು. ಈ ಲೆಕ್ಕ ಹೇಳಿದರೆ ಮಕ್ಕಳು "ಓಹ್" ಅಂತಾರೆ, ಮರುಕ್ಷಣ ಮರೀತಾರೆ. ಅದರೊಳಗಿಂದ ಒಬ್ಬನನ್ನು ಹೊರಗೆ ಎಳೆಯಬೇಕು. ಬಂದೂಕು ಹಿಡಿದವನನ್ನೇ ಎಳೆಯಬೇಕು ಅಂತೇನಿಲ್ಲ. ಸೇನೆಯ ಹಿಂದೆ ಇನ್ನೊಂದು ಸೇನೆ ಇತ್ತು. ನೀರು ಹೊರುವ ಭಿಸ್ತಿ, ಹೇಸರಗತ್ತೆ ಹೊಡೆಯುವವನು, ಅಡುಗೆಯವನು, ಗಾಯಾಳುಗಳನ್ನು ಡೋಲಿಯಲ್ಲಿ ಹೊರುವವನು, ಕಕ್ಕಸು ತೊಳೆಯುವವನು. 1917ರಲ್ಲಿ ಫ್ರಾನ್ಸಿಗೆ ಹೋದ ಲೇಬರ್ ಕೋರ್‌ನಲ್ಲಿ, ಅಂದರೆ ಕೂಲಿ ಪಡೆಯಲ್ಲಿ, ನಾಗಾ, ಸಂತಾಲ ಊರುಗಳ ಜನ ಇದ್ದರು. ಕಾಗದದ ಮೇಲೆ ಇವರು 'ಹೋರಾಡದವರು'. ಗುಂಡು ಬೀಳುವಾಗ ಯಾರು ಹೋರಾಡುವವರು, ಯಾರು ಅಲ್ಲ ಅಂತ ನೋಡಿಕೊಂಡು ಬೀಳುತ್ತದಾ?

ಇಂಗ್ಲೆಂಡಿನ ಬ್ರಾಕನ್‌ಹರ್ಸ್ಟ್ ಅನ್ನುವ ಊರಿನ ಚರ್ಚ್ ಅಂಗಳದಲ್ಲಿ ಸುಖಾ ಅನ್ನುವವನ ಸಮಾಧಿ ಇದೆ. ಗಾಯಗೊಂಡ ಭಾರತೀಯ ಸೈನಿಕರಿಗಾಗಿ ಅಲ್ಲಿದ್ದ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದವನು, ಬರೇಲಿ ಕಡೆಯವನು, ತೀರಿಕೊಂಡದ್ದು 1915ರಲ್ಲಿ. ಅವನು ಅಸ್ಪೃಶ್ಯ ಅಂತ ಹಿಂದೂಗಳು ಸುಡಲು ಒಪ್ಪಲಿಲ್ಲ, ಮುಸ್ಲಿಮರು ತಮ್ಮವನಲ್ಲ ಅಂತ ಹೂಳಲು ಒಪ್ಪಲಿಲ್ಲ, ಕೊನೆಗೆ ಅಲ್ಲಿನ ಪಾದ್ರಿ ತನ್ನ ಚರ್ಚಿನಲ್ಲೇ ಜಾಗ ಕೊಟ್ಟ ಅಂತ ಕಥೆ ಹೇಳುತ್ತಾರೆ. ಕ್ಲಾಸಿನಲ್ಲಿ ಇದನ್ನು ಹೇಳಿದ ದಿನ ಒಬ್ಬ ಹುಡುಗ, "ಅಷ್ಟು ದೂರ ಹೋದ್ರೂ ಜಾತಿ ಬಿಡ್ಲಿಲ್ವಾ ಮಿಸ್?" ಅಂದ. ನಾನು ಹತ್ತು ನಿಮಿಷ ಉಪನ್ಯಾಸ ಕೊಟ್ಟರೂ ಅಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ.

ಪಾತ್ರ ಆರಿಸಿದ ಮೇಲೆ ಒಂದು ಹಾಳೆ ತಗೊಂಡು ಅವನ ಬಗ್ಗೆ ಮೂರೇ ಪ್ರಶ್ನೆ ಬರೆದುಕೊಳ್ಳಿ. ಅವನು ದಿನಾ ಏನು ಹೊರುತ್ತಾನೆ? ಏನನ್ನು ಮುಟ್ಟುವಂತಿಲ್ಲ? ಅವನ ಹೆಸರು ಯಾರಿಗೆ ಗೊತ್ತು? ನಿಂಗನಿಗೆ ನಾನು ಬರೆದುಕೊಂಡದ್ದು: ನೀರಿನ ಬಕೆಟ್. ಸವಾರರು ಕುಡಿಯುವ ನೀರಿನ ಚರ್ಮದ ಚೀಲ, ಮಶಕ. ಅವನ ಹೆಸರು ಗೊತ್ತಿರುವುದು ಒಬ್ಬ ಸವಾರನಿಗೆ ಮತ್ತು ಬೆಳ್ಳಿ ಅನ್ನುವ ಒಂದು ಹೆಣ್ಣು ಕುದುರೆಗೆ. ಇಡೀ ಕಾದಂಬರಿ ಈ ಮೂರು ಸಾಲಿನಿಂದ ಎದ್ದು ಬಂತು ಅಂದರೂ ತಪ್ಪಿಲ್ಲ.

ತಾರತಮ್ಯವನ್ನು ವಸ್ತುಗಳಲ್ಲಿ ತೋರಿಸಿ

ಕೆಟ್ಟ ಸಾಹೇಬ ಒಬ್ಬನನ್ನು ತಂದು ಅವನ ಬಾಯಲ್ಲಿ ಬೈಗುಳ ತುಂಬಿಸಿದರೆ ತಾರತಮ್ಯ ತೋರಿಸಿದ ಹಾಗೆ ಆಗುವುದಿಲ್ಲ. ಮಕ್ಕಳು ಅದನ್ನು ಒಬ್ಬ ಕೆಟ್ಟವನ ಕಥೆ ಅಂತ ಓದಿಕೊಳ್ತಾರೆ. ಅವನು ಸತ್ತರೆ ಸಮಸ್ಯೆ ಮುಗೀತು. ನಿಜವಾದ ತಾರತಮ್ಯ ನಿಯಮದಲ್ಲಿತ್ತು, ಸಂಬಳದ ಪಟ್ಟಿಯಲ್ಲಿತ್ತು, ನಲ್ಲಿಯ ಮೇಲಿತ್ತು. ಒಳ್ಳೆ ಮನಸ್ಸಿನ ಸಾಹೇಬನೂ ಅದೇ ನಿಯಮ ಪಾಲಿಸುತ್ತಿದ್ದ.

ಕೆಲವು ಸಂಗತಿ ಹೇಳುತ್ತೇನೆ, ಒಂದೊಂದೂ ಒಂದು ಅಧ್ಯಾಯಕ್ಕೆ ಸಾಕು.

ಸಿಪಾಯಿಯ ಸಂಬಳ ತಿಂಗಳಿಗೆ 11 ರೂಪಾಯಿ. ನಲವತ್ತು ವರ್ಷದ, ಮೀಸೆ ನರೆತ ಸುಬೇದಾರ ನಿನ್ನೆ ಮೊನ್ನೆ ಬಂದ ಇಪ್ಪತ್ತು ವರ್ಷದ ಇಂಗ್ಲಿಷ್ ಲೆಫ್ಟಿನೆಂಟ್‌ಗಿಂತ ಕೆಳಗೆ. ಭಾರತೀಯ ಅಧಿಕಾರಿ ಎಷ್ಟೇ ಮೇಲೆ ಹೋದರೂ ಬ್ರಿಟಿಷ್ ಸೈನಿಕರಿಗೆ ಅಪ್ಪಣೆ ಕೊಡುವ ಹಾಗಿರಲಿಲ್ಲ. ಬ್ರಿಟಿಷ್ ಸೈನ್ಯದಲ್ಲಿ ಚಾಟಿ ಏಟಿನ ಶಿಕ್ಷೆ 1881ರಲ್ಲೇ ನಿಂತಿತು. ಭಾರತೀಯ ಸೈನಿಕರ ಬೆನ್ನಿಗೆ ಅದು 1920ರ ತನಕ ಇತ್ತು. ಅಂದರೆ ಒಂದೇ ಕಂದಕದಲ್ಲಿ, ಒಂದೇ ತಪ್ಪಿಗೆ, ಎರಡು ಬೆನ್ನಿಗೆ ಎರಡು ಕಾನೂನು. 1914ರಲ್ಲಿ ಫ್ರಾನ್ಸಿಗೆ ಇಳಿದ ನಮ್ಮವರ ಮೈಮೇಲೆ ತೆಳು ಹತ್ತಿ ಬಟ್ಟೆ. ಚಳಿಗಾಲದ ಬಟ್ಟೆ ಬರುವಷ್ಟರಲ್ಲಿ ಚಳಿಯೇ ಬಂದಿತ್ತು.

ಇಂಗ್ಲೆಂಡಿನ ಬ್ರೈಟನ್ ಊರಿನ ಅರಮನೆಯನ್ನು 1914ರ ಡಿಸೆಂಬರ್‌ನಿಂದ ಭಾರತೀಯ ಗಾಯಾಳುಗಳ ಆಸ್ಪತ್ರೆ ಮಾಡಿದ್ದರು. ಗುಮ್ಮಟ, ಝೂಮರ್ ದೀಪದ ಕೆಳಗೆ ಸಾಲು ಮಂಚ. ಒಂಬತ್ತು ಅಡುಗೆಮನೆ. ಪ್ರತಿ ವಾರ್ಡಿನಲ್ಲಿ ಹಿಂದೂಗಳಿಗೆ ಒಂದು ನೀರು, ಮುಸ್ಲಿಮರಿಗೆ ಇನ್ನೊಂದು. ಹೊರಗಿನಿಂದ ನೋಡಿದರೆ ಎಷ್ಟು ಗೌರವ, ಅಲ್ವಾ? ಆದರೆ ಇಂಗ್ಲಿಷ್ ನರ್ಸುಗಳು ಭಾರತೀಯ ಸೈನಿಕರ ಆರೈಕೆಗೆ ನೇರವಾಗಿ ಕೈಹಾಕದಂತೆ ನಿರ್ಬಂಧ ಇತ್ತು, ಮೇಲ್ವಿಚಾರಣೆ ಮಾತ್ರ. ಹೊರಗೆ ಸುತ್ತಾಡಲೂ ಸುಲಭವಾಗಿ ಬಿಡುತ್ತಿರಲಿಲ್ಲ. ಈ ಎರಡೂ ಒಟ್ಟಿಗೆ ನಿಜ. ಮಕ್ಕಳಿಗೆ ಈ ಗೊಂದಲವನ್ನು ಬಿಡಿಸಿ ಹೇಳಬೇಡಿ, ಹಾಗೇ ತೋರಿಸಿ. ಅವರಿಗೆ ಅರ್ಥ ಆಗುತ್ತದೆ. ಶಾಲೆಯಲ್ಲಿ ಚೆನ್ನಾಗಿ ಮಾತಾಡಿಸಿ, ಹುಟ್ಟುಹಬ್ಬಕ್ಕೆ ಮಾತ್ರ ಕರೆಯದ ಗೆಳೆಯರು ಅವರಿಗೂ ಇರುತ್ತಾರೆ.

ಇನ್ನು ಬರೆಯುವ ರೀತಿ. ನನ್ನ ಮೊದಲ ಕರಡಿನಲ್ಲಿ ಹೀಗಿತ್ತು:

"ನಿಂಗನಿಗೆ ತುಂಬಾ ಬೇಸರವಾಯಿತು. ತಾನು ಕೀಳು ಜಾತಿಯವನೆಂದು ಎಲ್ಲರೂ ತನ್ನನ್ನು ತಿರಸ್ಕರಿಸುತ್ತಾರೆ. ನಾನೂ ಮನುಷ್ಯನಲ್ಲವೇ ಎಂದು ಅವನು ಮರುಗಿದನು."

ಇದು ನಿಂಗನ ಮಾತಲ್ಲ, ನನ್ನ ಮಾತು. ಅವನ ಬಾಯಿಗೆ ತುರುಕಿದ್ದೆ. ಈಗಿರುವುದು ಹೀಗೆ (ದಫೇದಾರ ಅಂದರೆ ಸವಾರರ ಮೇಲಿನ ಸಣ್ಣ ಅಧಿಕಾರಿ):

"ಕಾಲುವೆಯಿಂದ ಲಾಯಕ್ಕೆ ನಿಂಗ ಹದಿನಾಲ್ಕು ಸಲ ನಡೆದಿದ್ದ. ಬೆಳ್ಳಿ ಬಕೆಟ್ಟಿಗೆ ಮೂತಿ ಇಟ್ಟು ಸೊರ್ ಅಂತ ಎಳೆದಳು, ತಲೆ ಎತ್ತಿ ಅವನ ತೋಳಿಗೆ ಒದ್ದೆ ತುಟಿ ಒರೆಸಿದಳು. ಆಮೇಲೆ ಅವನು ಸವಾರರ ಡೇರೆಯ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತ. ಎರಡೂ ಕೈ ಬೊಗಸೆ ಮಾಡಿ ಬಾಯಿಗೆ ಹಿಡಿದ. ದಫೇದಾರ ಮೇಲಿನಿಂದ ನೀರು ಹೊಯ್ದ. ಅರ್ಧ ಮೊಣಕೈಯಿಂದ ಇಳಿದು ಮರಳಿಗೆ ಹೋಯಿತು. 'ಸಾಕಾ?' ಅಂದ ದಫೇದಾರ. ಕೆಟ್ಟವನೇನಲ್ಲ. 'ಸಾಕು ಸ್ವಾಮಿ' ಅಂದ ನಿಂಗ. ಸಾಕಾಗಿರಲಿಲ್ಲ."

ಓದಿ ಮುಗಿಸಿದಾಗ ಕ್ಲಾಸಿನಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬಳು, "ಕುದುರೆ ಅವನ ಬಕೆಟ್ಟಲ್ಲಿ ಕುಡಿಯುತ್ತೆ, ಕುದುರೆ ಮೇಲೆ ಕೂರೋರು ಕುಡಿಯಲ್ಲ" ಅಂದಳು. ನಾನು ಪುಸ್ತಕದಲ್ಲಿ ಆ ಮಾತನ್ನು ಬರೆದಿಲ್ಲ, ಬರೆಯಬೇಕಾಗಿಯೂ ಇಲ್ಲ.

ಸಾಹೇಬರ ಕಡೆಯ ತಾರತಮ್ಯಕ್ಕೂ ಇದೇ ದಾರಿ. ಸಂಸ್ಥಾನದ ಪಡೆಗಳಿಗೆ ನಮ್ಮವರೇ ಅಧಿಕಾರಿಗಳಿದ್ದರು, ಜೊತೆಗೆ ಸಲಹೆಗಾರರಾಗಿ ಬ್ರಿಟಿಷ್ ಸ್ಪೆಷಲ್ ಸರ್ವಿಸ್ ಅಧಿಕಾರಿಗಳು. ನನ್ನ ಕಥೆಯ ಅಂಥ ಸಾಹೇಬರು ಒಳ್ಳೆಯವರು, ಕುದುರೆ ಅಂದರೆ ಪ್ರಾಣ. ಲಾಯದ ಅರವತ್ತು ಕುದುರೆಯ ಹೆಸರೂ ಅವರಿಗೆ ಗೊತ್ತು. ನಿಂಗನನ್ನು ನಾಲ್ಕು ವರ್ಷವೂ "ಏಯ್ ಹುಡುಗ" ಅಂತಲೇ ಕರೆಯುತ್ತಾರೆ. ಅಷ್ಟು ಸಾಕು.

ಕಷ್ಟದ ಭಾಗ: ನಮ್ಮವರೇ ಮಾಡಿದ್ದು

ಬಿಳಿಯರು ಕೆಟ್ಟವರು, ನಮ್ಮವರು ಪಾಪ ಅಂತ ಬರೆದರೆ ಯಾರಿಗೂ ನೋವಾಗಲ್ಲ. ಶಾಲೆಯ ಲೈಬ್ರರಿಗೂ ಸಲೀಸಾಗಿ ಹೋಗುತ್ತದೆ. ನನ್ನ ಹಸ್ತಪ್ರತಿ ನೋಡಿದ ಒಬ್ಬ ಪ್ರಕಾಶಕರು "ಜಾತಿ ಭಾಗ ತೆಗೀರಿ ಮೇಡಂ, ದೇಶಭಕ್ತಿ ಭಾಗ ತುಂಬಾ ಚೆನ್ನಾಗಿದೆ" ಅಂದರು. ತೆಗೆದಿದ್ದರೆ ಪುಸ್ತಕ ಎರಡು ವರ್ಷ ಮೊದಲೇ ಬರುತ್ತಿತ್ತು.

ಆದರೆ ಬಿಳಿಯರ ತಾರತಮ್ಯ, ನಮ್ಮ ಜಾತಿ ಎರಡೂ ಒಂದಕ್ಕೊಂದು ಹೆಣೆದುಕೊಂಡಿವೆ. 'ಯುದ್ಧವೀರ ಜನಾಂಗ' ಅಂತ ಒಂದು ಸಿದ್ಧಾಂತ ಮಾಡಿಕೊಂಡು, ಯಾವ ಜಾತಿ ಹೋರಾಡಬಲ್ಲದು, ಯಾವುದು ಹೋರಾಡಲಾರದು ಅಂತ ಬ್ರಿಟಿಷರು ಪಟ್ಟಿ ಮಾಡಿದರು. ದಕ್ಷಿಣದವರ ಭರ್ತಿ ಕಡಿಮೆ ಆಯಿತು. ತಲೆಮಾರುಗಳ ಕಾಲ ಸೈನ್ಯದಲ್ಲಿ ದುಡಿದಿದ್ದ, ಮಹಾರಾಷ್ಟ್ರದ ದಲಿತ ಸಮುದಾಯವಾದ ಮಹಾರ್ ಜನರ ಭರ್ತಿಯನ್ನು 1892ರ ಹೊತ್ತಿಗೆ ನಿಲ್ಲಿಸಿಯೇಬಿಟ್ಟರು. ಇದೇ ಸಮುದಾಯದ ಅಂಬೇಡ್ಕರ್ ಅವರ ತಂದೆ ರಾಮ್‌ಜಿ ಸಕ್ಪಾಲ್ ಸೈನ್ಯದಲ್ಲಿ ಸುಬೇದಾರರಾಗಿದ್ದವರು. ಮಹಾಯುದ್ಧದಲ್ಲಿ ಜನ ಸಾಲದಾದಾಗ 1917ರಲ್ಲಿ 111ನೇ ಮಹಾರ್ಸ್ ಅಂತ ಒಂದು ಪಡೆ ಕಟ್ಟಿದರು. ಯುದ್ಧ ಮುಗಿಯಿತು, 1921ರಲ್ಲಿ ಬರ್ಖಾಸ್ತು. ಬೇಕಾದಾಗ ಕರೆದರು, ಬೇಡವಾದಾಗ ಕಳಿಸಿದರು. ಇದನ್ನೇ ಹಿಡಿದು ಯಾರಾದರೂ ಕನ್ನಡದಲ್ಲಿ ಮಕ್ಕಳ ಕಾದಂಬರಿ ಬರೆಯಬೇಕು. ನಾನು ಬರೆಯಲ್ಲ, ಮಹಾರಾಷ್ಟ್ರದ ಆ ಊರುಗಳು ನನಗೆ ಗೊತ್ತಿಲ್ಲ.

ಬೈಗುಳದ ಪ್ರಶ್ನೆ ಬಂದೇ ಬರುತ್ತದೆ. ಆ ಕಾಲದಲ್ಲಿ ಆಡುತ್ತಿದ್ದ ಜಾತಿ ಬೈಗುಳವನ್ನು ಹಾಗೇ ಹಾಕಬೇಕಾ? ನಾನು ಹಾಕಿಲ್ಲ. ಮೊದಲ ಕರಡಿನಲ್ಲಿ ಒಂದು ಸಲ ಹಾಕಿದ್ದೆ, ನಿಜ ಹೇಳಬೇಕಲ್ಲ ಅಂತ. ಓದುವಾಗ ಮೂರನೇ ಬೆಂಚಿನ ಒಬ್ಬ ಹುಡುಗ ತಲೆ ತಗ್ಗಿಸಿದ. ಬಿಡುವಿನಲ್ಲಿ ಇನ್ನಿಬ್ಬರು ಅವನನ್ನು ನೋಡಿ ಅದೇ ಪದ ಹೇಳಿ ನಕ್ಕರು. ತಪ್ಪು ನನ್ನದು. ಅವರ ಕೈಗೆ ಕಲ್ಲು ಕೊಟ್ಟಿದ್ದು ನಾನು. ಈಗ ಆ ಜಾಗದಲ್ಲಿ "ದಫೇದಾರ ಒಂದು ಮಾತು ಅಂದ. ನಿಂಗನ ಊರಿನಲ್ಲೂ ಆ ಮಾತು ಇತ್ತು. ಸಮುದ್ರ ದಾಟಿದ ಮೇಲೂ ಅದು ಅವನಿಗಿಂತ ಮೊದಲೇ ಬಂದು ಕಾಯುತ್ತಿತ್ತು" ಅಂತಿದೆ. ಯಾವ ಮಾತು ಅಂತ ಗೊತ್ತಿರುವ ಮಗುವಿಗೆ ಗೊತ್ತಾಗುತ್ತದೆ. ಗೊತ್ತಿಲ್ಲದ ಮಗು ನನ್ನಿಂದ ಕಲಿಯುವುದು ಬೇಡ.

ನಿಮ್ಮ ಪಾತ್ರದ ಜಾತಿ, ಧರ್ಮ ನಿಮ್ಮದಲ್ಲದಿದ್ದರೆ ಆ ಬದುಕು ಗೊತ್ತಿರುವ ಇಬ್ಬರಿಗಾದರೂ ಓದಲು ಕೊಡಿ. ಒಬ್ಬರಿಗೆ ಕೊಟ್ಟರೆ ಅವರು ಸಂಕೋಚಕ್ಕೆ "ಚೆನ್ನಾಗಿದೆ" ಅಂತಾರೆ. ನನ್ನ ಎರಡನೇ ಓದುಗರು ಒಬ್ಬ ನಿವೃತ್ತ ಕಂಡಕ್ಟರ್. "ನಿಂಗ ಯಾಕೆ ಯಾವಾಗಲೂ ಸಪ್ಪಗೆ ಇರ್ತಾನೆ? ನಮ್ಮಜ್ಜ ಇಡೀ ದಿನ ಜೋಕು ಹೊಡೀತಿದ್ದ" ಅಂದರು. ಅವತ್ತಿನಿಂದ ನಿಂಗ ದಫೇದಾರನ ನಡಿಗೆ ಅಣಕಿಸಲು ಶುರು ಮಾಡಿದ. ಕಥೆಗೆ ಜೀವ ಬಂತು.

ಕಾಗದ

ಯುದ್ಧದ ಕಥೆಯಲ್ಲಿ ಮನೆಗೆ ಬರೆಯುವ ಕಾಗದ ಇರಲೇಬೇಕು ಅಂತ ನನ್ನ ಅಭಿಪ್ರಾಯ. ಫ್ರಾನ್ಸಿನಲ್ಲಿದ್ದ ಭಾರತೀಯ ಸೈನಿಕರ ಪತ್ರಗಳನ್ನು ಸೆನ್ಸಾರ್ ಕಚೇರಿ ತೆರೆದು ಓದುತ್ತಿತ್ತು. ಬೇಕಾದ ಸಾಲುಗಳನ್ನು ಇಂಗ್ಲಿಷಿಗೆ ಅನುವಾದ ಮಾಡಿ ವರದಿ ಕಳಿಸುತ್ತಿತ್ತು. ಆ ವರದಿಗಳು ಉಳಿದಿವೆ, ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅಂದರೆ ನಮ್ಮವರ ಮಾತು ಇವತ್ತಿಗೂ ಸಿಗುವುದು ಅವರನ್ನು ನಂಬದೆ ಕದ್ದು ಓದಿದವರ ದಯೆಯಿಂದ! ಓದುತ್ತಾರೆ ಅಂತ ಗೊತ್ತಿದ್ದ ಸೈನಿಕರು ಗುಟ್ಟಿನ ಭಾಷೆ ಮಾಡಿಕೊಂಡರು. ಕರಿಮೆಣಸು ಅಂದರೆ ಭಾರತೀಯ ಸೈನಿಕ, ಕೆಂಪು ಮೆಣಸು ಅಂದರೆ ಬಿಳಿಯ ಸೈನಿಕ. ಕರಿಮೆಣಸು ಖರ್ಚಾಗುತ್ತಾ ಬಂತು ಅಂತ ಬರೆದರೆ ಊರಿನವರಿಗೆ ಅರ್ಥ ಆಗಬೇಕು, ಸೆನ್ಸಾರ್‌ನವರಿಗೆ ಆಗಬಾರದು. ಅವರಿಗೂ ಆಗಿತ್ತು ಅನ್ನಿ, ಇಲ್ಲದಿದ್ದರೆ ನಮಗೆ ಹೇಗೆ ಗೊತ್ತಾಗುತ್ತಿತ್ತು.

ಮಕ್ಕಳಿಗೆ ಗುಟ್ಟಿನ ಭಾಷೆ ಅಂದರೆ ಪಂಚಪ್ರಾಣ. ಇದನ್ನು ಕಥೆಯ ಒಳಗೇ ತನ್ನಿ. ನಿಂಗನಿಗೆ ಓದು ಬರಹ ಬರುವುದಿಲ್ಲ, ಸವಾರ ಗೆಳೆಯ ಬರೆದುಕೊಡುತ್ತಾನೆ. ಹಾಗಾಗಿ ನಿಂಗ ಅವ್ವನಿಗೆ ಹೇಳಬೇಕಾದ ಮಾತು ಮೂರು ಜನರನ್ನು ದಾಟಬೇಕು: ಬರೆಯುವವನು, ಸೆನ್ಸಾರ್‌ನವನು, ಊರಿನಲ್ಲಿ ಓದಿ ಹೇಳುವ ಶಾನುಭೋಗ. ಮೂವರಿಗೂ ಗೊತ್ತಾಗದ ಹಾಗೆ "ನನಗೆ ಭಯ ಆಗ್ತಿದೆ" ಅಂತ ಹೇಗೆ ಹೇಳುತ್ತಾನೆ? ನಾನು ಒಂದು ವಾರ ಯೋಚಿಸಿದೆ. ಹೊಳೆಯಲಿಲ್ಲ. ಕ್ಲಾಸಿನಲ್ಲಿ ಕೇಳಿದೆ. "ಮನೆಯಲ್ಲಿರೋ ಹೇಡಿ ನಾಯಿ ಹೆಸರು ಬರೀಲಿ, ಅದು ಹೇಗಿದೆ ಅಂತ ಕೇಳಲಿ" ಅಂದ ಒಬ್ಬ. ಈಗ ಪುಸ್ತಕದಲ್ಲಿ ಅದೇ ಇದೆ. "ನಮ್ಮ ಕರಿಯ ಇಲ್ಲೇ ನನ್ನ ಜೊತೆ ಇದ್ದಾನೆ ಅನ್ನಿಸುತ್ತದೆ ಅವ್ವಾ, ರಾತ್ರಿ ಹೊತ್ತು ಜಾಸ್ತಿ."

ರಕ್ತ ಎಷ್ಟು?

ಹತ್ತರಿಂದ ಹದಿಮೂರು ವರ್ಷದವರಿಗೆ ಬರೆಯುತ್ತಿದ್ದರೆ ಸಾವು ಇರಲಿ, ಗಾಯದ ವರ್ಣನೆ ಬೇಡ. ಅವರು ಅದಕ್ಕಿಂತ ಭಯಂಕರವಾದದ್ದನ್ನು ಫೋನಿನಲ್ಲಿ ನೋಡಿರುತ್ತಾರೆ, ಅದರಿಂದ ಏನೂ ತಟ್ಟುವುದಿಲ್ಲ. ತಟ್ಟುವುದು ಖಾಲಿ ಜಾಗ. ಹೈಫಾದ ದಿನ ನಿಂಗ ಹಿಂದೆ ನಿಂತಿರುತ್ತಾನೆ ಅಂದೆನಲ್ಲ. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ನದಿ, ನಡುವೆ ಇಕ್ಕಟ್ಟು ದಾರಿ. ನದಿ ದಂಡೆಯ ಕೆಸರು ಕುದುರೆ ಕಾಲು ನುಂಗುವಂಥದ್ದು. ಮೈಸೂರಿನ ಒಂದು ತುಕಡಿ ಕಡಿದಾದ ಬೆಟ್ಟ ಹತ್ತಿ ಮೇಲಿದ್ದ ಫಿರಂಗಿಗಳ ಕಡೆ ಹೋಯಿತು. ಕೆಳಗೆ ಜೋಧ್‌ಪುರದವರು ನುಗ್ಗಿದರು, ಅವರ ಮೇಜರ್ ದಳಪತ್ ಸಿಂಗ್ ಅಲ್ಲೇ ತೀರಿಕೊಂಡರು. ಸಂಜೆಯ ಹೊತ್ತಿಗೆ ಊರು ಕೈಗೆ ಬಂದಿತ್ತು, 1,350 ಮಂದಿ ಸೆರೆ.

ಇದರಲ್ಲಿ ನಿಂಗ ನೋಡುವುದು ಧೂಳು ಮಾತ್ರ. ಕೇಳುವುದು ಸದ್ದು ಮಾತ್ರ. ಆಮೇಲೆ ಒಂದೊಂದೇ ಕುದುರೆ ವಾಪಸ್ ಬರುತ್ತದೆ. ಕೆಲವು ಸವಾರರ ಜೊತೆ, ಕೆಲವು ಖಾಲಿ ಜೀನಿನ ಜೊತೆ. ಅವನು ಜೀನು ನೋಡಿ ಯಾರಿಲ್ಲ ಅಂತ ಲೆಕ್ಕ ಹಾಕುತ್ತಾನೆ. ಅದು ಒಂದೂವರೆ ಪುಟ. ಬರೆಯಲು ನಾಲ್ಕು ತಿಂಗಳು ಹಿಡಿಯಿತು.

ಶತ್ರುವಿನ ಬಗ್ಗೆ ಒಂದು ಮಾತು. ಎದುರಿಗಿದ್ದ ತುರ್ಕಿ ಸೈನಿಕರೂ ಯಾರದೋ ಹಳ್ಳಿಯ ಹುಡುಗರೇ. ಬ್ರಿಟಿಷರ ಕಡೆ ಇದ್ದ ಮುಸ್ಲಿಂ ಸೈನಿಕರಿಗೆ ಆ ತುರ್ಕಿಯ ಸುಲ್ತಾನನೇ ಖಲೀಫ, ಅಂದರೆ ಧರ್ಮದ ದೊರೆ. ಅವರ ಮನಸ್ಸಿನ ತಳಮಳ ಬೇರೆ. ಮೂರು ಸಾಲಿನಲ್ಲಾದರೂ ಇದು ಬರಲಿ. ಸೆರೆ ಸಿಕ್ಕ ಒಬ್ಬ ಹುಡುಗನಿಗೆ ನಿಂಗ ನೀರು ಕೊಡುತ್ತಾನೆ. ಅವನು ಬಕೆಟ್ಟಿಗೇ ಬಾಯಿ ಹಾಕಿ ಕುಡಿಯುತ್ತಾನೆ. ಜಾತಿ ಕೇಳುವುದಿಲ್ಲ. ಅವನಿಗೆ ಅದು ಗೊತ್ತೇ ಇಲ್ಲ.

ತಪ್ಪು ಮಾಡದೇ ಇರಲು

ಮೊದಲ ಕರಡಿನಲ್ಲಿ ನಿಂಗನ ಅಜ್ಜನಿಗೆ ನಾನು ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಕೊಟ್ಟಿದ್ದೆ, 1890ರ ಸುಮಾರಿಗೆ. ಒಬ್ಬ ನಿವೃತ್ತ ಸುಬೇದಾರರು ಓದಿ ಜೋರಾಗಿ ನಕ್ಕರು. 1911ರ ತನಕ ಭಾರತೀಯ ಸೈನಿಕರಿಗೆ ಆ ಪದಕ ಕೊಡುವ ನಿಯಮವೇ ಇರಲಿಲ್ಲ. ಮೊದಲು ಗಳಿಸಿದವರು ಖುದಾದಾದ್ ಖಾನ್. 1914ರ ಅಕ್ಟೋಬರ್ 31ರಂದು ಬೆಲ್ಜಿಯಂನ ಹಾಲಬೆಕೆಯಲ್ಲಿ, ಜೊತೆಯವರೆಲ್ಲ ಸತ್ತ ಮೇಲೂ ಮೆಷಿನ್ ಗನ್ ಬಿಡದವರು. ಈ ತಪ್ಪು ಅಚ್ಚಾಗಿ ಹೋಗಿದ್ದರೆ ಮಾನ ಹೋಗುತ್ತಿತ್ತು. ಆದರೆ ಆ ತಪ್ಪಿನಿಂದಲೇ ಒಂದು ಒಳ್ಳೆ ದೃಶ್ಯವೂ ಸಿಕ್ಕಿತು. ಪದಕ ಯಾರಿಗೆ ಸಿಗಬಹುದು, ಯಾರಿಗೆ ಇಲ್ಲ ಅಂತ ಸವಾರರು ರಾತ್ರಿ ಮಾತಾಡುತ್ತಾರೆ. ಕಾಸ್ತಾರನ ಹೆಸರು ಆ ಮಾತಿನಲ್ಲಿ ಬರುವುದೇ ಇಲ್ಲ, ಅವನು ಅಲ್ಲೇ ಕೂತು ಲಾಳ ಸರಿ ಮಾಡುತ್ತಿರುತ್ತಾನೆ.

ಹುಡುಕಲು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ದಾಖಲೆ ಒಳ್ಳೆ ಜಾಗ. ಹೆಸರು, ಪಡೆ, ಊರು ಹಾಕಿ ನೋಡಬಹುದು. ಅಲ್ಲಿ ಹೆಸರು ಸಿಗದೇ ಇರುವುದೂ ಒಂದು ಮಾಹಿತಿಯೇ. ಇರಾಕಿನ ಬಸ್ರಾ ಸ್ಮಾರಕದಲ್ಲಿ ಬ್ರಿಟಿಷ್ ಸೈನಿಕರ ಹೆಸರು ಕೆತ್ತಿದರು, ಭಾರತೀಯ ಅಧಿಕಾರಿಗಳ ಹೆಸರೂ ಕೆತ್ತಿದರು. ಸಾಮಾನ್ಯ ಭಾರತೀಯ ಸೈನಿಕರಿಗೆ ಪಡೆಯ ಹೆಸರಿನ ಕೆಳಗೆ ಇಷ್ಟು ಮಂದಿ ಅಂತ ಸಂಖ್ಯೆ ಮಾತ್ರ. 2021ರಲ್ಲಿ ಆಯೋಗವೇ ವರದಿ ಹೊರಡಿಸಿ ತಪ್ಪು ಒಪ್ಪಿಕೊಂಡಿತು. ಕನಿಷ್ಠ 1,16,000 ಮಂದಿ, ಬಹುಶಃ 3,50,000ದ ತನಕ, ಹೆಸರಿನ ನೆನಪೇ ಇಲ್ಲದೆ ಹೋಗಿದ್ದಾರೆ ಅಂತ. ಅವರಲ್ಲಿ ಬಹುಪಾಲು ಪೂರ್ವ ಆಫ್ರಿಕಾ, ಈಜಿಪ್ಟ್ ಕಡೆಯವರು.

ಸಂಶೋಧನೆ ಮಾಡಿದ್ದನ್ನೆಲ್ಲ ಕಥೆಯೊಳಗೆ ಸುರಿಯಬೇಡಿ. ನನ್ನ ಹತ್ತಿರ ಎರಡು ನೋಟ್‌ಬುಕ್ ತುಂಬ ಟಿಪ್ಪಣಿ ಇತ್ತು, ಪುಸ್ತಕಕ್ಕೆ ಹೋದದ್ದು ಆರೇಳು ಪುಟ. ಉಳಿದದ್ದು ನನ್ನ ಧೈರ್ಯಕ್ಕೆ.

ಭಾಷೆಯ ವಿಷಯ ಬೇಗ ಮುಗಿಸುತ್ತೇನೆ. ಕೆಳಜಾತಿಯ ಪಾತ್ರ ಮಾತ್ರ ಹಳ್ಳಿ ಭಾಷೆ ಆಡಿ ಉಳಿದವರೆಲ್ಲ ಪುಸ್ತಕದ ಕನ್ನಡ ಆಡಿದರೆ, ನೀವೂ ಅವನನ್ನು ಬೇರೆ ಸಾಲಿನಲ್ಲಿ ಕೂರಿಸಿದ ಹಾಗೆ. ಎಲ್ಲರಿಗೂ ಅವರವರ ಊರಿನ ಮಾತು ಕೊಡಿ, ಇಲ್ಲವೇ ಯಾರಿಗೂ ಬೇಡ.

ಮುಗಿಸುವುದು

ಇಂಥ ಕಥೆಗೆ ಅಂತ್ಯ ಸಿಗುವುದು ಯುದ್ಧಭೂಮಿಯಲ್ಲಿ ಅಲ್ಲ, ಊರಿಗೆ ವಾಪಸ್ ಬಂದ ಮೇಲೆ. ಇವರು ಬಂದ ಕಾಲ ನೋಡಿ. 1919ರಲ್ಲಿ ರೌಲಟ್ ಕಾಯ್ದೆ, ಏಪ್ರಿಲ್ 13ಕ್ಕೆ ಜಲಿಯನ್‌ವಾಲಾ ಬಾಗ್. ಯಾರಿಗಾಗಿ ಹೋರಾಡಿದರೋ ಅವರ ಸೈನ್ಯವೇ ಗುಂಡು ಹಾರಿಸಿತು. ಅದೇ ವರ್ಷ ಕೊಡಗಿನ ಕಾರ್ಯಪ್ಪ ಅಧಿಕಾರಿಯಾಗಿ ಸೇನೆ ಸೇರಿದರು. ಭಾರತೀಯರಿಗೆ ಆ ಮಟ್ಟದ ಹುದ್ದೆ ಆಗಷ್ಟೇ ತೆರೆದಿತ್ತು. ಮುಂದೆ 1949ರ ಜನವರಿ 15ಕ್ಕೆ ಅವರೇ ಸೇನೆಯ ಮುಖ್ಯಸ್ಥರಾದರು. ಕೆಲವರಿಗೆ ಬಾಗಿಲು ತೆರೆಯುತ್ತಿತ್ತು, ಕೆಲವರಿಗೆ ಊರ ಬಾವಿಯೂ ಇಲ್ಲ.

ದೆಹಲಿಯ ತೀನ್ ಮೂರ್ತಿ ನೋಡಿರುತ್ತೀರಿ. 1922ರದ್ದು. ಮೈಸೂರು, ಜೋಧ್‌ಪುರ, ಹೈದರಾಬಾದ್ ಸವಾರರ ನೆನಪಿಗೆ ಮೂರು ಕಂಚಿನ ಆಳುಗಳು. ಕೊನೆಗೆ ನಿಂಗನನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಮೂರು ಮೂರ್ತಿ ಮುಂದೆ ನಿಲ್ಲಿಸಿ ಕಣ್ಣೀರು ಹಾಕಿಸುವ ಆಸೆ ನನಗೆ ತುಂಬಾ ಇತ್ತು. ಬರೆದೂ ಬರೆದೆ. ಚೆನ್ನಾಗಿಯೇ ಇತ್ತು. ಆದರೆ ಊರಿನ ಕೂಲಿಯವನು 1922ರಲ್ಲಿ ದೆಹಲಿಗೆ ಹೋಗಲು ಟಿಕೆಟ್ ದುಡ್ಡು ಯಾರು ಕೊಟ್ಟರು? ಹರಿದು ಹಾಕಿದೆ.

ಈಗ ಅವನು ಊರಿಗೆ ಬರುತ್ತಾನೆ. ಬೆಳ್ಳಿ ಬಂದಿಲ್ಲ. ಯುದ್ಧ ಮುಗಿದ ಮೇಲೆ ಸೇನೆಯ ಕುದುರೆಗಳನ್ನು ಸಾವಿರಗಟ್ಟಲೆ ಈಜಿಪ್ಟಿನಲ್ಲೇ ಮಾರಿದರು, ನನ್ನ ಕಥೆಯಲ್ಲಿ ಬೆಳ್ಳಿಯೂ ಅವುಗಳ ಜೊತೆ ಹೋದಳು. ಊರಿನ ಹುಡುಗರು ಸುತ್ತ ಮುತ್ತಿಕೊಂಡು ಯುದ್ಧದ ಕಥೆ ಕೇಳುತ್ತಾರೆ, ಎಷ್ಟು ಜನರನ್ನು ಕೊಂದೆ ಅಂತ. ನಿಂಗ ಬೆಳ್ಳಿ ನೀರು ಕುಡಿಯುವುದನ್ನು ಬಾಯಲ್ಲೇ ಸದ್ದು ಮಾಡಿ ತೋರಿಸುತ್ತಾನೆ. ಸೊರ್ ಅಂತ.

ಹಳೇ ಬ್ಯಾಚಿನ ಆ ಕೊನೇ ಬೆಂಚಿನ ಹುಡುಗಿ ಈಗ ಪಿಯುಸಿ. ಪುಸ್ತಕ ಕೊಟ್ಟಾಗ ನಿಂತಲ್ಲೇ ಕೊನೇ ಪುಟ ತೆಗೆದು ಓದಿದಳು. "ಪದಕ ಎಲ್ಲಿ ಹೋಯ್ತು ಮಿಸ್?" ಅಂದಳು. "ನೀನೇ ತೆಗೆಸಿದ್ದಲ್ವಾ" ಅಂದೆ. ಅವಳಿಗೆ ನೆನಪೇ ಇರಲಿಲ್ಲ.